ಬೆಳಗಾಗುವಷ್ಟರಲ್ಲಿ ಬ್ರೌಸರ್ ಬದಲಾಗಿತ್ತು

ಪ್ರಿಪರೇಟರಿ ಪರೀಕ್ಷೆಗೆ ಒಂಬತ್ತು ದಿನ ಉಳಿದಿತ್ತು. ಬೆಳಿಗ್ಗೆ ಐದೂವರೆಗೆ ಎದ್ದು ಲ್ಯಾಪ್‌ಟಾಪ್ ತೆರೆದರೆ ಬ್ರೌಸರ್‌ನ ಮುಖವೇ ಬೇರೆ. ರಾತ್ರಿ ತಾನಾಗಿಯೇ ಅಪ್‌ಡೇಟ್ ಆಗಿತ್ತು. ಹೊಸ ಸೌಲಭ್ಯಗಳನ್ನು ಹೊಗಳುವ ದೊಡ್ಡದೊಂದು ಸ್ವಾಗತ ಪುಟ ಬಂತು. ಅದನ್ನು ಮುಚ್ಚಿದ ಮೇಲೆ ಮೂಲೆಯಲ್ಲಿ ಸಣ್ಣದೊಂದು ಸೂಚನೆ ಕಂಡಿತು: ನಿಮ್ಮ ಎರಡು ಎಕ್ಸ್‌ಟೆನ್ಶನ್‌ಗಳಿಗೆ ಇನ್ನು ಬೆಂಬಲವಿಲ್ಲ, ಅವನ್ನು ಆಫ್ ಮಾಡಲಾಗಿದೆ.

ಅದರಲ್ಲಿ ಒಂದು ನನ್ನದು. ಭೌತಶಾಸ್ತ್ರಕ್ಕೊಂದು, ರಸಾಯನಶಾಸ್ತ್ರಕ್ಕೊಂದು, ಗಣಿತಕ್ಕೊಂದು, ಕಂಪ್ಯೂಟರ್ ಸೈನ್ಸ್‌ಗೊಂದು ಎಂದು ಟ್ಯಾಬ್‌ಗಳನ್ನು ಗುಂಪು ಮಾಡಿ ಕಾಪಾಡುತ್ತಿದ್ದ ಎಕ್ಸ್‌ಟೆನ್ಶನ್ ಅದು. ಆರು ತಿಂಗಳಿಂದ ಹುಡುಕಿ ಕೂಡಿಹಾಕಿದ ಎಪ್ಪತ್ತಕ್ಕೂ ಹೆಚ್ಚು ಪುಟಗಳು ಅದರೊಳಗೆ ಇದ್ದವು. ಹಳೆಯ ಪ್ರಶ್ನೆಪತ್ರಿಕೆಗಳು, ಹಂತ ಹಂತವಾಗಿ ಬಿಡಿಸಿದ ಲೆಕ್ಕಗಳು, ಯಾವುದೋ ಕಾಲೇಜಿನ ಉಪನ್ಯಾಸಕರು ಹಾಕಿದ್ದ ಚೆಂದದ ಟಿಪ್ಪಣಿಗಳು. ಎಕ್ಸ್‌ಟೆನ್ಶನ್ ನಿಂತಿತು, ಗುಂಪುಗಳೂ ಹೋದವು.

ಇನ್ನೊಂದು ನಮ್ಮ ದಾದಿಯದು. ದಾದಿ ಬೆಳಗಿನ ಚಹಾ ಕುಡಿಯುತ್ತಾ ಅದೇ ಲ್ಯಾಪ್‌ಟಾಪ್‌ನಲ್ಲಿ ಉರ್ದು ಸುದ್ದಿ ಓದುತ್ತಾರೆ. ವೆಬ್‌ನಲ್ಲಿ ಉರ್ದು ಎಷ್ಟೋ ಕಡೆ ನಸ್ಖ್ ಶೈಲಿಯಲ್ಲಿ, ಅಂದರೆ ಅಕ್ಷರಗಳು ಒಂದೇ ಗೆರೆಯ ಮೇಲೆ ಕುಳಿತಂತೆ ಕಾಣುತ್ತದೆ. ದಾದಿ ಶಾಲೆಯಲ್ಲಿ ಕಲಿತದ್ದು, ಜೀವನವಿಡೀ ಪತ್ರಿಕೆಯಲ್ಲಿ ಓದಿದ್ದು ನಸ್ತಾಲೀಕ್. ಅದರಲ್ಲಿ ಪದದ ಅಕ್ಷರಗಳು ಬಲದಿಂದ ಎಡಕ್ಕೆ ಓರೆಯಾಗಿ ಇಳಿದು ಬರುತ್ತವೆ. ಎಲ್ಲ ಪುಟವನ್ನೂ ನಸ್ತಾಲೀಕ್‌ನಲ್ಲಿ, ದೊಡ್ಡ ಅಕ್ಷರದಲ್ಲಿ ತೋರಿಸುವ ಒಂದು ಎಕ್ಸ್‌ಟೆನ್ಶನ್ ಅನ್ನು ನನ್ನ ಅಣ್ಣ ಹಿಂದೆಯೇ ಹಾಕಿಕೊಟ್ಟಿದ್ದ. ಆ ಬೆಳಿಗ್ಗೆ ದಾದಿ ಕನ್ನಡಕ ಒರೆಸಿ ಒರೆಸಿ ನೋಡಿದರು. ಆಮೇಲೆ ನನ್ನನ್ನು ಕರೆದು, “ಬೇಟಾ, ಅಕ್ಷರ ಎಲ್ಲ ಕ್ಯೂನಲ್ಲಿ ನಿಂತ ಹಾಗೆ ನಿಂತುಬಿಟ್ಟಿವೆ. ಇದು ನಾನು ಓದೋ ಉರ್ದು ಅಲ್ಲ” ಅಂದರು.

ನನ್ನ ಟ್ಯಾಬ್ ಹೋದದ್ದಕ್ಕಿಂತ ಆ ಮಾತು ಹೆಚ್ಚು ನೋಯಿಸಿತು. ನನಗೆ ಎಕ್ಸ್‌ಟೆನ್ಶನ್ ಒಂದು ಅನುಕೂಲ. ದಾದಿಗೆ ಅದು ಕನ್ನಡಕದಷ್ಟೇ ಅಗತ್ಯದ ವಸ್ತು. ಯಾರ ಕನ್ನಡಕವನ್ನೂ ರಾತ್ರೋರಾತ್ರಿ ತೆಗೆದಿಟ್ಟು, ಬೆಳಿಗ್ಗೆ ಸ್ವಾಗತ ಪುಟ ತೋರಿಸಬಾರದು.

ಈ ಲೇಖನ ಬರೆಯುತ್ತಿರುವುದು ಬೈಯಲು ಅಲ್ಲ. ಯಾವ ಬ್ರೌಸರ್ ಎಂಬುದೂ ಇಲ್ಲಿ ಮುಖ್ಯವಲ್ಲ. ಇವತ್ತು ಇದು, ನಾಳೆ ಇನ್ನೊಂದು. ನಾನು ಹೇಳಬೇಕೆಂದಿರುವುದು ಇಷ್ಟೇ: ಅಪ್‌ಡೇಟ್ ಬೇಕೇ ಬೇಕು. ಆದರೆ ನಮಗೆ ಮುಖ್ಯವಾದದ್ದನ್ನು ಅಪ್‌ಡೇಟ್‌ನ ಕೈಗೆ ಸಿಗದ ಜಾಗದಲ್ಲಿ ಇಡಲು ನಾವು ಕಲಿಯಬೇಕು, ಕಾಲೇಜು ಅದನ್ನು ಕಲಿಸಬೇಕು.

ಇದು ಮೊದಲ ಸಲವೇನಲ್ಲ

ನನ್ನೊಬ್ಬನಿಗೇ ಹೀಗಾಯಿತೇ ಎಂದು ಹುಡುಕಿದಾಗ ತಿಳಿದದ್ದು, ಇದಕ್ಕೆ ಒಂದು ಇತಿಹಾಸವೇ ಇದೆ. 2011ರ ಮಾರ್ಚ್‌ನಲ್ಲಿ ಬಂದ ಫೈರ್‌ಫಾಕ್ಸ್ 4ರಲ್ಲಿ ಟ್ಯಾಬ್‌ಗಳನ್ನು ಗುಂಪು ಮಾಡುವ ಪನೋರಮಾ ಎಂಬ ಸೌಲಭ್ಯವಿತ್ತು. ಬಳಸುವವರು ತೀರಾ ಕಡಿಮೆ ಎಂದು 2016ರಲ್ಲಿ 45ನೇ ಆವೃತ್ತಿಯಿಂದ ಅದನ್ನು ತೆಗೆದರು. ಇಷ್ಟಪಟ್ಟವರಿಗಾಗಿ ಒಬ್ಬ ಡೆವಲಪರ್ ಅದನ್ನೇ ಎಕ್ಸ್‌ಟೆನ್ಶನ್ ರೂಪದಲ್ಲಿ ಉಳಿಸಿಕೊಟ್ಟರು. ಅದೂ ಬಾಳಲಿಲ್ಲ. 2017ರ ನವೆಂಬರ್ 14ರಂದು ಕ್ವಾಂಟಮ್ ಎಂಬ ಹೆಸರಿನ 57ನೇ ಆವೃತ್ತಿ ಬಂದಾಗ ಹಳೆಯ ಮಾದರಿಯ ಎಕ್ಸ್‌ಟೆನ್ಶನ್‌ಗಳೆಲ್ಲ ಒಟ್ಟಿಗೇ ನಿಂತವು. ಕೊನೆಗೆ 2025ರಲ್ಲಿ, 138ನೇ ಆವೃತ್ತಿಯ ಹೊತ್ತಿಗೆ, ಟ್ಯಾಬ್ ಗುಂಪು ಮತ್ತೆ ಬ್ರೌಸರ್‌ನೊಳಗೇ ಬಂತು. ಬೇಡವೆಂದು ತೆಗೆದದ್ದನ್ನೇ ಒಂಬತ್ತು ವರ್ಷಗಳ ನಂತರ ಹೊಸ ಸೌಲಭ್ಯವೆಂದು ಕೊಟ್ಟರು. ನಡುವೆ ಅದನ್ನು ನಂಬಿ ಕೆಲಸ ಮಾಡುತ್ತಿದ್ದವರು ಎರಡು ಸಲ ಮನೆ ಖಾಲಿ ಮಾಡಬೇಕಾಯಿತು.

2019ರ ಮೇ 4ರಂದು ಇನ್ನೊಂದು ನಡೆಯಿತು. ಎಕ್ಸ್‌ಟೆನ್ಶನ್‌ಗಳು ಅಸಲಿ ಎಂದು ದೃಢಪಡಿಸುವ ಒಂದು ಡಿಜಿಟಲ್ ಪ್ರಮಾಣಪತ್ರದ ಅವಧಿ ಮುಗಿದಿತ್ತು. ಅದನ್ನು ನವೀಕರಿಸುವುದು ತಪ್ಪಿಹೋಗಿತ್ತು. ಪರಿಣಾಮವಾಗಿ ಪ್ರಪಂಚದಾದ್ಯಂತ ಫೈರ್‌ಫಾಕ್ಸ್ ಬಳಸುವವರ ಎಕ್ಸ್‌ಟೆನ್ಶನ್‌ಗಳು ಆಫ್ ಆದವು. ಸರಿಪಡಿಸಿದ ಆವೃತ್ತಿ ಮರುದಿನವೇ ಬಂತು ಎನ್ನುವುದನ್ನೂ ಹೇಳಬೇಕು.

ಕ್ರೋಮ್‌ನ ಕಥೆ ಬೇರೆ ಬಗೆಯದು. ಗ್ರೇಟ್ ಸಸ್ಪೆಂಡರ್ ಎಂಬ ಎಕ್ಸ್‌ಟೆನ್ಶನ್ ಇತ್ತು. ಬಳಸದೆ ಬಿಟ್ಟ ಟ್ಯಾಬ್‌ಗಳನ್ನು ಮಲಗಿಸಿ ಕಂಪ್ಯೂಟರ್‌ನ ಮೆಮೊರಿ ಉಳಿಸುವುದು ಅದರ ಕೆಲಸ. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಅದನ್ನು ಹಾಕಿಕೊಂಡಿದ್ದರು. 2020ರಲ್ಲಿ ಅದನ್ನು ಬರೆದವರು ಬೇರೆಯವರಿಗೆ ಮಾರಿದರು. ಕೊಂಡವರು ಯಾರೆಂದು ಬಳಸುವವರಿಗೆ ತಿಳಿಯಲಿಲ್ಲ. 2021ರ ಫೆಬ್ರವರಿಯಲ್ಲಿ ಗೂಗಲ್ ಅದರಲ್ಲಿ ಹಾನಿಕಾರಕ ಕೋಡ್ ಇದೆ ಎಂದು ಎಲ್ಲರ ಬ್ರೌಸರ್‌ನಲ್ಲೂ ನಿಲ್ಲಿಸಿಬಿಟ್ಟಿತು. ಮಲಗಿದ್ದ ಟ್ಯಾಬ್‌ಗಳು ಏಳಲೇ ಇಲ್ಲ. ತಾಳ್ಮೆ ಇದ್ದವರು ಹಿಸ್ಟರಿಯಲ್ಲಿ ಉಳಿದಿದ್ದ ಉದ್ದನೆಯ ವಿಳಾಸದ ಕೊನೆಯಲ್ಲಿ ಅಡಗಿದ್ದ ಮೂಲ ಪುಟದ ವಿಳಾಸವನ್ನು ಒಂದೊಂದಾಗಿ ಕತ್ತರಿಸಿ ತೆಗೆದುಕೊಂಡರು.

ಇತ್ತೀಚಿನದು ಮ್ಯಾನಿಫೆಸ್ಟ್ ವಿ3. ಎಕ್ಸ್‌ಟೆನ್ಶನ್‌ಗಳು ಏನೇನು ಮಾಡಬಹುದು ಎಂಬ ನಿಯಮಗಳನ್ನು ಕ್ರೋಮ್ ಬದಲಿಸಿತು. 2024ರ ಜೂನ್‌ನಿಂದ ಹಳೆಯ ನಿಯಮದವುಗಳನ್ನು ಹಂತ ಹಂತವಾಗಿ ನಿಲ್ಲಿಸುತ್ತಾ ಬಂದು, 2025ರಲ್ಲಿ ಪೂರ್ತಿ ನಿಲ್ಲಿಸಿತು. ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಬಳಸುತ್ತಿದ್ದ ನಮ್ಮ ತರಗತಿಯ ಎಷ್ಟೋ ಜನರಿಗೆ ಇದರ ಬಿಸಿ ತಟ್ಟಿದೆ.

ಅವರ ಕಾರಣವೂ ಸುಳ್ಳಲ್ಲ

ಕಂಪನಿಗಳು ಸುಮ್ಮನೆ ಹೀಗೆ ಮಾಡುತ್ತವೆಯೇ? ಇಲ್ಲ. ಆರ್.ಟಿ. ನಗರದಲ್ಲಿ ಬಾಡಿಗೆ ಮನೆಯಲ್ಲಿ ಇರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಗೋಡೆಗೆ ಮೊಳೆ ಹೊಡೆಯಬೇಡಿ ಎಂದು ಓನರ್ ಮೊದಲ ದಿನವೇ ಹೇಳುತ್ತಾರೆ. ಹಳೆಯ ಫೈರ್‌ಫಾಕ್ಸ್‌ನಲ್ಲಿ ಎಕ್ಸ್‌ಟೆನ್ಶನ್‌ಗಳಿಗೆ ಮೊಳೆ ಮಾತ್ರವಲ್ಲ, ಗೋಡೆ ಒಡೆದು ಬಾಗಿಲು ಇಡುವಷ್ಟು ಸ್ವಾತಂತ್ರ್ಯವಿತ್ತು. ಬ್ರೌಸರ್‌ನ ಒಳಭಾಗದ ಯಾವುದನ್ನು ಬೇಕಾದರೂ ಅವು ಮುಟ್ಟಬಹುದಿತ್ತು. ಅದರಿಂದಲೇ ಅದ್ಭುತವಾದ ಎಕ್ಸ್‌ಟೆನ್ಶನ್‌ಗಳು ಹುಟ್ಟಿದವು. ಅದರಿಂದಲೇ ಒಳಗಿನ ಒಂದು ಕಂಬ ಸರಿಸಿದರೂ ಹತ್ತು ಎಕ್ಸ್‌ಟೆನ್ಶನ್ ಬೀಳುತ್ತಿದ್ದವು, ಕೆಟ್ಟ ಉದ್ದೇಶದ ಎಕ್ಸ್‌ಟೆನ್ಶನ್ ಪಾಸ್‌ವರ್ಡ್‌ವರೆಗೂ ಕೈ ಚಾಚಬಹುದಿತ್ತು. ಬ್ರೌಸರ್ ವೇಗವಾಗಬೇಕು, ಸುರಕ್ಷಿತವಾಗಬೇಕು ಎಂದರೆ ಹಳೆಯ ಗೋಡೆಗಳನ್ನು ಕೆಡವಲೇಬೇಕಿತ್ತು.

ನನ್ನ ದೂರು ಕೆಡವಿದ್ದಕ್ಕಲ್ಲ, ಹೇಳಿದ ರೀತಿಗೆ. ಸೂಚನೆಗಳು ಇರುತ್ತವೆ, ನಿಜ. ಆದರೆ ಅವು ಡೆವಲಪರ್‌ಗಳು ಓದುವ ಜಾಗದಲ್ಲಿ, ಡೆವಲಪರ್‌ಗಳ ಭಾಷೆಯಲ್ಲಿ ಇರುತ್ತವೆ. ದಾದಿ ಓದುವ ಪುಟದಲ್ಲಿ ಇರುವುದಿಲ್ಲ. ಮನೆ ಖಾಲಿ ಮಾಡಿ ಎನ್ನುವವರು ಸಾಮಾನು ಎತ್ತಿಕೊಳ್ಳಲು ಸಮಯ ಕೊಡುತ್ತಾರೆ. ಎಕ್ಸ್‌ಟೆನ್ಶನ್ ಆಫ್ ಮಾಡುವ ಮುಂಚೆ ಅದರೊಳಗಿನ ಪಟ್ಟಿಯನ್ನು ಒಂದು ಫೈಲ್ ಆಗಿ ಇಳಿಸಿಕೊಡುವ ಬಟನ್ ಒಂದನ್ನು ಕೊಡಬಾರದೇ? ಪುಕ್ಕಟೆ ಸಿಗುವ ವಸ್ತುವಿಗೆ ದೂರು ಯಾಕೆ ಎಂದು ಕೆಲವರು ಕೇಳುತ್ತಾರೆ. ನಾವು ಹಣ ಕೊಡದೇ ಇರಬಹುದು. ನಮ್ಮ ಸಮಯ ಕೊಟ್ಟಿದ್ದೇವೆ, ನಂಬಿಕೆ ಕೊಟ್ಟಿದ್ದೇವೆ.

ಅಪ್‌ಡೇಟ್ ನಿಲ್ಲಿಸುವುದು ದಾರಿಯಲ್ಲ

ನನ್ನ ಕಷ್ಟ ಕೇಳಿದ ಸ್ನೇಹಿತನೊಬ್ಬ ಸುಲಭದ ಉಪಾಯ ಹೇಳಿದ: “ಅಪ್‌ಡೇಟೇ ಆಫ್ ಮಾಡ್ಬಿಡು ಮಗಾ, ಹಳೇದೇ ಚೆನ್ನಾಗಿರುತ್ತೆ.” ಇದನ್ನು ಹಲವರು ಮಾಡುತ್ತಿದ್ದಾರೆ. ದಯವಿಟ್ಟು ಮಾಡಬೇಡಿ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ದುಷ್ಟ ತಂತ್ರಾಂಶ ಜಗತ್ತಿನ ಎಷ್ಟೋ ಆಸ್ಪತ್ರೆ, ಕಚೇರಿಗಳ ಕಂಪ್ಯೂಟರ್‌ಗಳಿಗೆ ಬೀಗ ಹಾಕಿ ಹಣ ಕೇಳಿತು. ಅದು ನುಗ್ಗಿದ ವಿಂಡೋಸ್‌ನ ಬಿರುಕಿಗೆ ಎರಡು ತಿಂಗಳ ಮುಂಚೆ, ಮಾರ್ಚ್‌ನಲ್ಲಿಯೇ, ಮೈಕ್ರೋಸಾಫ್ಟ್ ಅಪ್‌ಡೇಟ್ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಬ್ರೌಸರ್ ಎಂದರೆ ನಾವು ಬ್ಯಾಂಕಿನ ಪಾಸ್‌ವರ್ಡ್ ಹೊಡೆಯುವ, ಸ್ಕಾಲರ್‌ಶಿಪ್ ಅರ್ಜಿಗೆ ಆಧಾರ್ ಸಂಖ್ಯೆ ತುಂಬುವ ಕಿಟಕಿ. ಟ್ಯಾಬ್ ಉಳಿಯಲಿ ಎಂದು ಆ ಕಿಟಕಿಯ ಚಿಲಕ ತೆಗೆದಿಡುವುದು ಜಾಣತನವಲ್ಲ.

ಹಾಗಾದರೆ ಏನು ಮಾಡಬೇಕು? ಪರೀಕ್ಷೆಯ ಒತ್ತಡದ ನಡುವೆ ನಾನು ಕಲಿತದ್ದನ್ನು ಹೇಳುತ್ತೇನೆ.

ಎರಡು ಸಂಜೆ ಕೂತು ಹಿಸ್ಟರಿ ಕೆದಕಿದೆ. ಅರ್ಧಕ್ಕಿಂತ ಹೆಚ್ಚು ಪುಟಗಳು ಸಿಕ್ಕವು. ಸಿಕ್ಕವನ್ನು ನೋಟ್‌ಬುಕ್‌ನಲ್ಲಿ ಬರೆಯುತ್ತಾ ಹೋದಾಗ ಒಂದು ಕಹಿ ಸತ್ಯ ತಿಳಿಯಿತು. ಎಪ್ಪತ್ತರಲ್ಲಿ ನಾನು ನಿಜವಾಗಿ ಓದಿದ್ದು ಇಪ್ಪತ್ತೂ ಇಲ್ಲ. ಉಳಿದವು ‘ಆಮೇಲೆ ಓದುತ್ತೇನೆ’ ಎಂದು ನನಗೆ ನಾನೇ ಹೇಳಿಕೊಂಡ ಸಮಾಧಾನ. ಫೋನ್‌ನಲ್ಲೂ ಇದೇ ಕಥೆ. ಆ್ಯಂಡ್ರಾಯ್ಡ್ ಕ್ರೋಮ್‌ನಲ್ಲಿ ತೆರೆದ ಟ್ಯಾಬ್‌ಗಳು ನೂರು ಮುಟ್ಟಿದರೆ ಸಂಖ್ಯೆಯ ಬದಲು ನಗುಮುಖದ ಚಿಹ್ನೆ ಬರುತ್ತದೆ. ನಮ್ಮ ತರಗತಿಯಲ್ಲಿ ಆ ನಗುಮುಖ ಇಲ್ಲದ ಫೋನ್ ಹುಡುಕುವುದೇ ಕಷ್ಟ. ಟ್ಯಾಬ್ ತೆರೆದಿಟ್ಟರೆ ಓದಿದಂತಲ್ಲ, ಪುಸ್ತಕ ಕೊಂಡರೆ ಓದಿದಂತಲ್ಲ ಎನ್ನುವ ಹಾಗೆಯೇ.

ಈಗ ನಾನು ಮಾಡುವುದು ಹೀಗೆ. ಬೇಕೆನಿಸಿದ ಪುಟವನ್ನು ಅಂದೇ ಬುಕ್‌ಮಾರ್ಕ್ ಮಾಡುತ್ತೇನೆ. ಕಂಪ್ಯೂಟರ್‌ನಲ್ಲಿ ಕಂಟ್ರೋಲ್, ಶಿಫ್ಟ್, ಡಿ ಮೂರನ್ನೂ ಒಟ್ಟಿಗೆ ಒತ್ತಿದರೆ ತೆರೆದಿರುವ ಎಲ್ಲ ಟ್ಯಾಬ್‌ಗಳೂ ಒಂದೇ ಫೋಲ್ಡರ್‌ನಲ್ಲಿ ಬುಕ್‌ಮಾರ್ಕ್ ಆಗುತ್ತವೆ. ಇದಕ್ಕೆ ಯಾವ ಎಕ್ಸ್‌ಟೆನ್ಶನ್ನೂ ಬೇಡ. ತಿಂಗಳಿಗೊಮ್ಮೆ ಬುಕ್‌ಮಾರ್ಕ್‌ಗಳನ್ನೆಲ್ಲ ಎಕ್ಸ್‌ಪೋರ್ಟ್ ಮಾಡಿ ಪೆನ್‌ಡ್ರೈವ್‌ನಲ್ಲಿ ಇಡುತ್ತೇನೆ. ಅದು ಎಚ್‌ಟಿಎಂಎಲ್ ಫೈಲ್ ಆಗಿರುವುದರಿಂದ ಯಾವ ಬ್ರೌಸರ್‌ನಲ್ಲಿ ಬೇಕಾದರೂ ತೆರೆಯುತ್ತದೆ. ತುಂಬಾ ಮುಖ್ಯವಾದ ಪುಟವಾದರೆ ಪಿಡಿಎಫ್ ಮಾಡಿ ಇಳಿಸಿಕೊಳ್ಳುತ್ತೇನೆ. ಸಿಇಟಿ ಅರ್ಜಿ, ಸ್ಕಾಲರ್‌ಶಿಪ್ ಅರ್ಜಿಗಳ ವಿಷಯದಲ್ಲಂತೂ ಟ್ಯಾಬ್ ನಂಬಲೇಬಾರದು. ಅರ್ಜಿ ಸಂಖ್ಯೆ ಕಾಗದದ ಮೇಲೆ ಇರಬೇಕು, ಪಿಡಿಎಫ್ ಎರಡು ಕಡೆ ಇರಬೇಕು. ಸೈಬರ್ ಸೆಂಟರ್‌ನಲ್ಲಿ ಅರ್ಜಿ ತುಂಬುವವರಿಗೆ ಇದು ಇನ್ನೂ ಮುಖ್ಯ. ನೀವು ಎದ್ದು ಬಂದ ಕುರ್ಚಿಯಲ್ಲಿ ಇನ್ನೊಬ್ಬರು ಕೂತು ಎಲ್ಲ ಟ್ಯಾಬ್ ಮುಚ್ಚುತ್ತಾರೆ.

ಎಕ್ಸ್‌ಟೆನ್ಶನ್‌ಗಳನ್ನು ಹನ್ನೊಂದರಿಂದ ಮೂರಕ್ಕೆ ಇಳಿಸಿದೆ. ಉಳಿಸಿಕೊಳ್ಳುವ ಮುಂಚೆ ಮೂರು ಪ್ರಶ್ನೆ ಕೇಳಿಕೊಂಡೆ. ಇದೇ ಕೆಲಸ ಬ್ರೌಸರ್‌ನ ಸೆಟ್ಟಿಂಗ್ಸ್‌ನಲ್ಲೇ ಇದೆಯೇ? ಇದನ್ನು ಮಾಡಿದವರು ಯಾರು, ಈಚೆಗೆ ಕೈ ಬದಲಾಗಿದೆಯೇ? ನಾಳೆ ಇದು ನಿಂತರೆ ನನ್ನ ಮಾಹಿತಿ ಹೊರಗೆ ಬರುತ್ತದೆಯೇ?

ಮೊದಲ ಪ್ರಶ್ನೆಯೇ ದಾದಿಯ ಕಷ್ಟವನ್ನೂ ಪರಿಹರಿಸಿತು. ನೋಟೊ ನಸ್ತಾಲೀಕ್ ಉರ್ದು ಎಂಬ ಉಚಿತ ಫಾಂಟ್ ಇದೆ. ಅದನ್ನು ಎಕ್ಸ್‌ಟೆನ್ಶನ್ ಮೂಲಕ ಅಲ್ಲದೆ ಕಂಪ್ಯೂಟರ್‌ಗೇ ಹಾಕಿದೆ. ಫೈರ್‌ಫಾಕ್ಸ್‌ನ ಸೆಟ್ಟಿಂಗ್ಸ್‌ನಲ್ಲಿ ಫಾಂಟ್ಸ್ ಎಂಬಲ್ಲಿ ಅಡ್ವಾನ್ಸ್ಡ್ ಒತ್ತಿದರೆ ಒಂದೊಂದು ಲಿಪಿಗೂ ಬೇರೆ ಬೇರೆ ಫಾಂಟ್ ಆರಿಸಬಹುದು. ಅಲ್ಲಿ ಅರೇಬಿಕ್ ಲಿಪಿಗೆ ನಸ್ತಾಲೀಕ್ ಆರಿಸಿ, ಅಕ್ಷರದ ಕನಿಷ್ಠ ಗಾತ್ರ ಹೆಚ್ಚಿಸಿ, ಪುಟಗಳು ತಮ್ಮದೇ ಫಾಂಟ್ ಹಾಕಿಕೊಳ್ಳುವ ಅವಕಾಶವನ್ನು ತೆಗೆದರೆ ಆಯಿತು. ಒಟ್ಟು ಇಪ್ಪತ್ತು ನಿಮಿಷದ ಕೆಲಸ. ದಾದಿ ಚಹಾ ತಣ್ಣಗಾಗಲು ಬಿಟ್ಟು ಎರಡು ಸುದ್ದಿ ಜೋರಾಗಿ ಓದಿ ತೋರಿಸಿದರು. ಇದನ್ನು ಮೊದಲೇ ಮಾಡಬಹುದಿತ್ತಲ್ಲ ಎಂದು ಅಣ್ಣನಿಗೂ ನನಗೂ ನಾಚಿಕೆಯಾಯಿತು.

ಕನ್ನಡ ಕಲಿತ ಪಾಠ

ಕನ್ನಡಕ್ಕೂ ಈ ಅನುಭವ ಹೊಸದಲ್ಲ. ನುಡಿಯ ಹಳೆಯ ಆವೃತ್ತಿಯಲ್ಲಿ ಟೈಪ್ ಮಾಡಿದ ಫೈಲ್ ಒಂದನ್ನು ಫೋನ್‌ನಲ್ಲಿ ತೆರೆದವರಿಗೆ ಗೊತ್ತು. ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳೂ ಚಿತ್ರವಿಚಿತ್ರ ಗುರುತುಗಳೂ ಕಲಸಿದ ಗೊಜ್ಜು ಕಾಣುತ್ತದೆ. ಕಾರಣ, ಹಳೆಯ ಪದ್ಧತಿಯಲ್ಲಿ ಅಕ್ಷರ ಫೈಲಿನಲ್ಲಿ ಇರಲಿಲ್ಲ, ಫಾಂಟಿನಲ್ಲಿತ್ತು. ಆ ಫಾಂಟ್ ಇಲ್ಲದ ಕಡೆ ಕನ್ನಡವೂ ಇಲ್ಲ. ಯೂನಿಕೋಡ್ ಬಂದದ್ದು ಇದನ್ನು ಸರಿಪಡಿಸಲು. 1991ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ತನ್ನದೇ ಸ್ಥಾನವಿತ್ತು. ಅಂದಿನಿಂದ ಎಷ್ಟು ಬ್ರೌಸರ್ ಬಂದವು, ಹೋದವು. 2022ರ ಜೂನ್‌ನಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ಕೂಡ ನಿವೃತ್ತಿಯಾಯಿತು. ಯೂನಿಕೋಡ್‌ನಲ್ಲಿ ಬರೆದ ಕನ್ನಡ ಮಾತ್ರ ಎಲ್ಲ ಕಡೆ ಹಾಗೆಯೇ ತೆರೆಯುತ್ತದೆ. ಎಲ್ಲರೂ ಒಪ್ಪಿದ ಪದ್ಧತಿಯಲ್ಲಿ ಇಟ್ಟದ್ದು ಉಳಿಯುತ್ತದೆ, ಒಬ್ಬರ ಜಾಣ್ಮೆಯ ಮೇಲೆ ನಿಂತದ್ದು ಅವರು ಎದ್ದುಹೋದ ದಿನ ಬೀಳುತ್ತದೆ. ಬುಕ್‌ಮಾರ್ಕ್ ಫೈಲ್, ಪಿಡಿಎಫ್, ಯೂನಿಕೋಡ್‌ನಲ್ಲಿ ಟೈಪ್ ಮಾಡಿದ ಟಿಪ್ಪಣಿ ಇವೆಲ್ಲ ಮೊದಲ ಬಗೆಯವು.

ನಮ್ಮ ಲ್ಯಾಬ್‌ಗೆ ಒಂದು ಮನವಿ

ಕೊನೆಯದಾಗಿ, ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ನಮ್ಮ ಸರ್ ಮತ್ತು ಮೇಡಂ ಅವರಲ್ಲಿ ಎರಡು ಮನವಿ. ಮನೆಯಲ್ಲಿ ಲ್ಯಾಪ್‌ಟಾಪ್ ಇರುವ ನಮ್ಮಂಥವರು ಎರಡು ಸಂಜೆ ಕಳೆದರೆ ಸರಿಪಡಿಸಿಕೊಳ್ಳಬಹುದು. ಯಲಹಂಕದಿಂದಲೂ ಯಶವಂತಪುರದಿಂದಲೂ ಎರಡೆರಡು ಬಸ್ ಹತ್ತಿ ಬರುವ, ಲ್ಯಾಬ್ ಬಿಟ್ಟರೆ ಬೇರೆ ಕಂಪ್ಯೂಟರ್ ಇಲ್ಲದ ಸ್ನೇಹಿತರಿಗೆ ವಾರಕ್ಕೆ ಸಿಗುವುದು ಕೆಲವೇ ಗಂಟೆ. ಆ ಗಂಟೆಯಲ್ಲಿ ಅರ್ಧ ಅಪ್‌ಡೇಟ್‌ನ ಗೊಂದಲಕ್ಕೆ ಹೋದರೆ ಅವರ ನಷ್ಟ ನನ್ನ ಎಪ್ಪತ್ತು ಟ್ಯಾಬ್‌ಗಿಂತ ದೊಡ್ಡದು.

ಒಂದನೆಯದು, ಲ್ಯಾಬ್‌ನಲ್ಲಿ ಫೈರ್‌ಫಾಕ್ಸ್‌ನ ಇಎಸ್‌ಆರ್ ಆವೃತ್ತಿ ಹಾಕುವ ಬಗ್ಗೆ ಯೋಚಿಸಬಹುದು. ಮಾಮೂಲಿ ಆವೃತ್ತಿ ಸುಮಾರು ನಾಲ್ಕು ವಾರಕ್ಕೊಮ್ಮೆ ಬದಲಾಗುತ್ತದೆ. ಶಾಲೆ, ಕಚೇರಿಗಳಿಗೆಂದೇ 2012ರಿಂದ ಇರುವ ಇಎಸ್‌ಆರ್‌ನಲ್ಲಿ ದೊಡ್ಡ ಬದಲಾವಣೆ ಬರುವುದು ಸುಮಾರು ವರ್ಷಕ್ಕೊಮ್ಮೆ. ಸುರಕ್ಷತೆಯ ತೇಪೆಗಳು ಮಾತ್ರ ಆಗಾಗ ಬರುತ್ತಿರುತ್ತವೆ. 2017ರಲ್ಲಿ ಹಳೆಯ ಎಕ್ಸ್‌ಟೆನ್ಶನ್‌ಗಳು ನಿಂತಾಗ ಇಎಸ್‌ಆರ್ ಬಳಸುತ್ತಿದ್ದವರಿಗೆ 2018ರ ಸೆಪ್ಟೆಂಬರ್‌ವರೆಗೆ ಸಮಯ ಸಿಕ್ಕಿತ್ತು. ಎರಡನೆಯದು, ದೊಡ್ಡ ಅಪ್‌ಡೇಟ್ ಬಂದಾಗ ಮೊದಲು ಒಂದೇ ಕಂಪ್ಯೂಟರ್‌ನಲ್ಲಿ ಹಾಕಿ ನೋಡಿ, ಶನಿವಾರ ಮಧ್ಯಾಹ್ನ ಉಳಿದವುಗಳಲ್ಲಿ ಹಾಕುವ ಪದ್ಧತಿ ಬರಲಿ. ಪ್ರಾಯೋಗಿಕ ಪರೀಕ್ಷೆಯ ವಾರದಲ್ಲಿ ಅದಕ್ಕೆ ರಜೆ ಇರಲಿ. ಬೇಕಾದರೆ ಆ ಶನಿವಾರ ಕೆಲಸ ಮಾಡಲು ನಾವು ನಾಲ್ಕು ಜನ ಸಿದ್ಧರಿದ್ದೇವೆ.

ಸ್ನೇಹಿತರೇ, ಈ ಸಂಚಿಕೆ ಓದಿ ಮುಗಿಸಿದ ಮೇಲೆ ಹತ್ತು ನಿಮಿಷ ಕೊಡಿ. ನಿಮ್ಮ ಟ್ಯಾಬ್‌ಗಳನ್ನು ಎಣಿಸಿ. ಬೇಕಾದ್ದನ್ನು ಬುಕ್‌ಮಾರ್ಕ್ ಮಾಡಿ, ಬೇಡದ್ದನ್ನು ಮುಚ್ಚಿ. ಆಮೇಲೆ ಮನೆಯಲ್ಲಿ ಹಿರಿಯರ ಪಕ್ಕ ಕೂತು, ಅವರ ಫೋನ್‌ನಲ್ಲಿ ಅಕ್ಷರ ಓದಲು ಆಗುತ್ತಿದೆಯೇ ಎಂದು ಕೇಳಿ. ಎಷ್ಟೋ ಹಿರಿಯರು ಏನೋ ಬದಲಾಗಿದೆ ಎಂದು ಹೇಳುವುದೇ ಇಲ್ಲ. ತಮ್ಮ ಕಣ್ಣೇ ಮಂದವಾಯಿತೇನೋ ಎಂದುಕೊಂಡು ಓದುವುದನ್ನು ಬಿಟ್ಟುಬಿಡುತ್ತಾರೆ.